ಅದೊಂದು ನೀನು ಮುಚ್ಚು

ನಮ್ಮ ಅಂಗಡಿಯ ಕಂಪ್ಯೂಟರಿನಲ್ಲಿ ಇವತ್ತಿಗೂ ನಾಲ್ಕು ಬ್ರೌಸರುಗಳಿವೆ. ನಾಲ್ಕಕ್ಕೂ ಹೆಸರಿಟ್ಟವಳು ಅಕ್ಕ. ಕಂಪ್ಯೂಟರ್ ತಂದಾಗಲೇ ಜೊತೆಯಲ್ಲಿ ಬಂದದ್ದು ‘ಅತ್ತೆ’. ಬೇಡವೆಂದರೂ ಮನೆ ಬಿಟ್ಟು ಹೋಗುವುದಿಲ್ಲ, ದಿನ ಬೆಳಗಾದರೆ ನನ್ನನ್ನೇ ಯಜಮಾನಿ ಮಾಡು ಎಂದು ಪೀಡಿಸುತ್ತದೆ. ಊರಿನವರೆಲ್ಲ ಬಳಸುವುದು ‘ಪದ್ಮಮ್ಮ’. ಅದು ನಮ್ಮ ಬೀದಿಯಲ್ಲಿದ್ದ ಒಬ್ಬ ಹೆಂಗಸಿನ ಹೆಸರು. ಯಾರ ಮನೆಯಲ್ಲಿ ಏನು ಸಾರು ಎಂಬುದು ಅವರಿಗೆ ಗೊತ್ತಿರುತ್ತಿತ್ತು, ಮರೆಯುತ್ತಲೂ ಇರಲಿಲ್ಲ, ಹೇಳದೆ ಇರುತ್ತಲೂ ಇರಲಿಲ್ಲ. ಹಳೇ ಕಾಲದ ಸರ್ಕಾರಿ ಸೈಟುಗಳಿಗೆಂದು ಇಟ್ಟುಕೊಂಡದ್ದು ‘ಮುದುಕ’. ನಾಲ್ಕನೆಯದು ಹಸಿರು ಎಲೆಯ ಗುರುತಿನದು, ‘ಮೂಗಿ’. ಎಲ್ಲವನ್ನೂ ನೋಡುತ್ತಾಳೆ, ಯಾರಿಗೂ ಹೇಳುವುದಿಲ್ಲ, ಮುಚ್ಚಿದ ಕೂಡಲೇ ಮರೆತುಬಿಡುತ್ತಾಳೆ.

ಅಕ್ಕ ತೀರಿಕೊಂಡು ನಾಲ್ಕು ತಿಂಗಳಾಯಿತು. ಕಾಮಾಲೆ ಎಂದು ಆಸ್ಪತ್ರೆಗೆ ಸೇರಿಸಿದೆವು, ಹತ್ತನೇ ದಿನ ಹೋಗಿಬಿಟ್ಟಳು. ತಿಥಿಗೆ ನಮ್ಮ ಹೂಟಗಳ್ಳಿಯ ಅರ್ಧ ಜನ ಬಂದಿದ್ದರು. ಊಟ ಮುಗಿಸಿ ಎದ್ದವರೆಲ್ಲ ಕೈ ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದು, ಗಂಡನನ್ನು ಬಿಟ್ಟು ಬಂದ ಅಕ್ಕನನ್ನು ಆರು ವರ್ಷ ನೋಡಿಕೊಂಡೆಯಲ್ಲ, ನಿನ್ನಂಥ ತಮ್ಮ ಎಲ್ಲರಿಗೂ ಸಿಗುವುದಿಲ್ಲ ಎಂದರು. ನಾನು ತಲೆ ಬಗ್ಗಿಸಿ ಕೇಳಿಸಿಕೊಂಡೆ. ಅವರು ಅದನ್ನು ದುಃಖ ಅಂದುಕೊಂಡರು.

ನಾನು ಏಳನೇ ಕ್ಲಾಸಿನವರೆಗೆ ಓದಿದವನು. ಬರೆದು ಅಭ್ಯಾಸ ಎಂದರೆ ಬೇರೆಯವರ ಅರ್ಜಿ ಬರೆದದ್ದು. ಎಲ್ಲ ಅರ್ಜಿಯ ಕೊನೆಯಲ್ಲೂ ಒಂದು ಸಾಲಿರುತ್ತದೆ, ಮೇಲೆ ಹೇಳಿದ್ದೆಲ್ಲ ನನಗೆ ತಿಳಿದ ಮಟ್ಟಿಗೆ ಸತ್ಯ ಎಂದು. ಸಾವಿರಾರು ಜನರ ಕೈಲಿ ಅದರ ಕೆಳಗೆ ಸಹಿ ಹಾಕಿಸಿದ್ದೇನೆ. ಈ ಸಲ ಆ ಸಾಲನ್ನು ಮೊದಲೇ ಬರೆದು ಶುರು ಮಾಡುತ್ತಿದ್ದೇನೆ.

ಅಕ್ಕ ಗಿಡ್ಡ. ಕುರ್ಚಿಯ ಮೇಲೆ ಎರಡು ಹಳೇ ಟೆಲಿಫೋನ್ ಪುಸ್ತಕ ಹಾಕಿಕೊಂಡು ಕೂರುತ್ತಿದ್ದಳು. ಟೈಪ್ ಮಾಡುವಾಗ ಕೀಲಿಗಳನ್ನು ನೋಡುತ್ತಿರಲಿಲ್ಲ, ಎದುರಿಗೆ ಕೂತವರ ಮುಖ ನೋಡುತ್ತಿದ್ದಳು. ಹುಟ್ಟಿದ ದಿನ ತಪ್ಪು ಹೇಳುವವರನ್ನು ಮುಖದಲ್ಲೇ ಹಿಡಿಯುತ್ತಿದ್ದಳು. ಆಳು ಚಿಕ್ಕದಾದರೂ ಕೋಪ ಚಿಕ್ಕದಲ್ಲ. ಪ್ರಿಂಟರ್ ಹಾಳೆ ಹಿಡಿದುಕೊಂಡು ನಿಂತರೆ ಅದರ ಪಕ್ಕೆಗೆ ಎರಡು ಗುದ್ದುತ್ತಿದ್ದಳು, ಅದು ಹಾಳೆ ಬಿಡುತ್ತಿತ್ತು.

ಪಡಿತರಕ್ಕೆ, ಪಿಂಚಣಿಗೆ ಬಂದವರ ಹೆಬ್ಬೆಟ್ಟನ್ನು ಅವಳೇ ಹಿಡಿದು ಮಷೀನಿನ ಗಾಜಿನ ಮೇಲೆ ಒತ್ತಬೇಕಾಗುತ್ತಿತ್ತು. ಒಂದು ಸಲ ಮೇಟಗಳ್ಳಿ ಕಡೆಯ ಒಬ್ಬ ದಪ್ಪ ಮನುಷ್ಯ, ಹೆಬ್ಬೆಟ್ಟು ಕೊಡುವ ನೆಪದಲ್ಲಿ ಅವಳ ಬೆರಳುಗಳನ್ನು ಹಿಡಿದುಕೊಂಡು ಬಿಡಲಿಲ್ಲ, ನಗುತ್ತ ಹಿಸುಕಿದ. ಅಕ್ಕ ಎಡಗೈಯಲ್ಲಿ ಸ್ಟೇಪ್ಲರ್ ಎತ್ತಿ ಅವನ ಹೆಬ್ಬೆರಳ ಬುಡಕ್ಕೆ ಹೊಡೆದಳು. ಪಿನ್ನು ಪೂರ್ತಿ ಒಳಗೆ ಹೋಯಿತು. ಅವನು ಕಿರುಚುತ್ತಿರುವಾಗ ಅವಳು ಮಷೀನನ್ನು ಬಟ್ಟೆಯಿಂದ ಒರೆಸಿ ಹೇಳಿದಳು, “ಇನ್ನೊಂದ್ ಕೈದು ಕೊಡಿ. ಇದು ಈಗ ಬೀಳಕಿಲ್ಲ.” ಅವನು ಕೊಟ್ಟ. ಅವನ ಕೆಲಸವನ್ನೂ ಮುಗಿಸಿಯೇ ಕಳಿಸಿದಳು.

ಈ ಧೈರ್ಯ ಅವಳಿಗೆ ಅಪ್ಪನ ಕಾಲದಿಂದ ಬಂದದ್ದು. ಅಪ್ಪ ಕಾರ್ಖಾನೆಯಲ್ಲಿ ಲಾರಿ ತುಂಬುವ ಕೆಲಸದಲ್ಲಿದ್ದ. ಮನೆಯ ಬಾಗಿಲ ಹಿಂದೆ ಮೊಳೆಗೆ ಒಂದು ಹಳೇ ಮಷೀನ್ ಬೆಲ್ಟು ನೇತಾಡುತ್ತಿತ್ತು. ಅವ್ವನಿಗೂ ಅದೇ, ನಮಗೂ ಅದೇ. ನಾನು ಏಳನೇ ಕ್ಲಾಸು ಫೇಲಾದ ದಿನ ಅಪ್ಪ ಅದನ್ನು ತೆಗೆದುಕೊಂಡ. ನನಗೆ ಹನ್ನೆರಡು, ಅಕ್ಕನಿಗೆ ಹದಿನೈದು. ನನ್ನ ಮುಂದೆ ಬಂದು ನಿಂತಳು. ಎರಡು ಏಟು ಬೆನ್ನಿಗೆ ತಿಂದಳು, ಮೂರನೆಯದಕ್ಕೆ ಬೆಲ್ಟಿನ ತುದಿಯನ್ನು ಕೈಗೆ ಸುತ್ತಿಕೊಂಡುಬಿಟ್ಟಳು. ಅಪ್ಪ ಎಳೆದ. ಅಂಗಳದ ತುಂಬ ಅವಳನ್ನು ದರದರ ಎಳೆದಾಡಿದ, ಮೊಣಕೈ ಮೊಣಕಾಲು ಸುಲಿದು ರಕ್ತ ಬಂತು, ಅವಳು ಬೆಲ್ಟು ಬಿಡಲಿಲ್ಲ. ಕೊನೆಗೆ ಅಪ್ಪನೇ ಸುಸ್ತಾಗಿ ಬಿಟ್ಟು ಹೋದ. ಯಾಕೆ ಹಂಗೆ ಹಿಡಿದುಕೊಂಡೆ ಎಂದು ನಾನು ಆಮೇಲೆ ಕೇಳಿದೆ. “ಬುಟ್ಬುಟ್ರೆ ಇನ್ನೊಂದ್ ಏಟು ನಿಂಗೇ ಬೀಳ್ತಿತ್ತು ಕಣ್ಲಾ” ಎಂದಳು.

ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ನಾನು ಹೇಳುವುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಅವಳು ಪಿಯುಸಿ ಮುಗಿಸಿ, ಕಂಪ್ಯೂಟರ್ ಕಲಿತು, ಬಸ್‌ಸ್ಟಾಪಿನ ಹಿಂದೆ ಆ ಚಿಕ್ಕ ಅಂಗಡಿ ಹಾಕಿದಳು. ಒಂದು ಶಟರು, ಒಂದು ಕಂಪ್ಯೂಟರು, ಒಂದು ಜೆರಾಕ್ಸ್ ಮಷೀನು. ಅಲ್ಲಿ ಇಲ್ಲಿ ಕೆಲಸ ಮಾಡಿ ಎಲ್ಲೂ ನಿಲ್ಲದ ನನ್ನನ್ನು ಜೆರಾಕ್ಸಿಗೆ, ಲ್ಯಾಮಿನೇಷನ್ನಿಗೆ ಹಾಕಿಕೊಂಡಳು. ಮೌಸ್ ಹಿಡಿಯಲು ಕಲಿಸಿದ ಮೊದಲ ದಿನ, ಎಲ್ಲಿ ಒತ್ತಿದರೆ ತೆರೆಯುತ್ತದೆ ಎಂದು ಕೇಳಿದೆ. ಮೂಲೆಯ ಕೆಂಪು ಗುಣಾಕಾರದ ಗುರುತನ್ನು ತೋರಿಸಿದಳು. “ಮೊದ್ಲು ಮುಚ್ಚದು ಕಲಿ. ತಗಿಯದು ಯಾರ್ ಬೇಕಾದ್ರೂ ತಗೀತಾರೆ.” ಜನ ತಮ್ಮ ಮನೆಯ ಗುಟ್ಟೆಲ್ಲ ನಮ್ಮ ಪರದೆಯ ಮೇಲೆ ಇಟ್ಟು ಹೋಗುತ್ತಾರೆ, ಹಿಂದಿನವರದು ಮುಂದಿನವರಿಗೆ ಕಾಣಬಾರದು ಎಂದಳು.

ಬ್ರೌಸರಿನ ವಿಷಯದಲ್ಲಿ ಅವಳದು ಒಂದು ಸಿದ್ಧಾಂತ. ಬೇರೆ ಅಂಗಡಿಗಳಲ್ಲಿ ಸೈಟು ಬಾರದಿದ್ದರೆ ಸರ್ವರ್ ಡೌನ್, ನಾಳೆ ಬನ್ನಿ ಎನ್ನುತ್ತಾರೆ. ಇಲವಾಲದ ಕಡೆಯ ಒಬ್ಬ ಅಜ್ಜ ಮೂರು ದಿನ ಬಸ್ಸು ಹತ್ತಿ ಇಳಿದು ಸುಸ್ತಾಗಿ ನಮ್ಮಲ್ಲಿಗೆ ಬಂದ. ಅಕ್ಕ ಪದ್ಮಮ್ಮನಲ್ಲಿ ನೋಡಿದಳು, ಇಲ್ಲ. ಅತ್ತೆಯಲ್ಲಿ ನೋಡಿದಳು, ಇಲ್ಲ. ಮುದುಕನನ್ನು ಎಬ್ಬಿಸಿದಳು, ಎರಡು ನಿಮಿಷಕ್ಕೆ ಪಹಣಿ ಕೈಗೆ ಬಂತು. ಬಾಗಿಲು ತೆಗೆಯಲಿಲ್ಲ ಅಂದರೆ ಮನೆಯಲ್ಲಿ ಯಾರೂ ಇಲ್ಲ ಅಂತಲ್ಲ ಅಜ್ಜ, ಹಿತ್ತಿಲಿಂದ ಹೋಗಿ ನೋಡಬೇಕು ಎಂದು ಅವನಿಗೆ ಹೇಳಿ ಕಳಿಸಿದಳು.

ಅವಳ ಮದುವೆಯಾದದ್ದು ಕಾರ್ಖಾನೆಯೊಂದರ ಸೂಪರ್‌ವೈಸರನ ಜೊತೆ. ಮನೆ ನಮ್ಮಿಂದ ಮೂರು ಬೀದಿ ಆಚೆ. ಭಾವ ನೋಡಲು ಬಹಳ ಒಳ್ಳೆಯವನು. ಎದುರು ಸಿಕ್ಕವರಿಗೆಲ್ಲ ಎರಡೂ ಕೈ ಎತ್ತಿ ನಮಸ್ಕಾರ ಮಾಡುತ್ತಿದ್ದ. ಅದೇ ಎರಡು ಕೈಯಲ್ಲಿ ಒಂದು ಸಲ ಅಕ್ಕನ ತಲೆಯನ್ನು ಒಲೆಯ ಕಟ್ಟೆಗೆ ಚಚ್ಚಿದ, ಸಾರಿಗೆ ಉಪ್ಪು ಹೆಚ್ಚಾಗಿತ್ತು. ಇನ್ನೊಂದು ಸಲ ಇಸ್ತ್ರಿಪೆಟ್ಟಿಗೆಯನ್ನು ತೋಳಿಗೆ ಇಟ್ಟ, ಫೋನಿನಲ್ಲಿ ಯಾರ ಜೊತೆ ನಗುತ್ತಿದ್ದೆ ಎಂದು. ಫೋನಿನಲ್ಲಿದ್ದದ್ದು ನಾನು. ಅಕ್ಕ ತೋಳು ಮುಚ್ಚುವ ರವಿಕೆ ಹಾಕಿಕೊಂಡು ಅಂಗಡಿಗೆ ಬರುತ್ತಿದ್ದಳು. ನಾನು ನೋಡುತ್ತಿದ್ದೆ. ಏನಾಯಿತು ಎಂದು ಕೇಳಿದರೆ ಮುಂದೇನು ಮಾಡಬೇಕಾಗುತ್ತದೋ ಎಂಬ ಹೆದರಿಕೆಗೆ ಕೇಳುತ್ತಿರಲಿಲ್ಲ.

ಭಾವ ಯಾವುದೋ ಅರ್ಜಿಯ ನೆಪದಲ್ಲಿ ಅಂಗಡಿಯ ಕಂಪ್ಯೂಟರಿಗೆ ತನ್ನ ಖಾತೆ ಹಾಕಿದ್ದ. ಅದು ಹಾಗೆಯೇ ಉಳಿದುಕೊಂಡಿತ್ತು. ಒಂದು ದಿನ ಅವನು ಹೊಡೆದ ಏಟಿಗೆ ಅಕ್ಕನ ಎಡಗಿವಿ ಮೂರು ದಿನ ಗುಂಯ್ ಎಂದಿತು. ಅಂಗಡಿಯಲ್ಲಿ ಯಾರೂ ಇಲ್ಲದಾಗ ಅವಳು ಪದ್ಮಮ್ಮನಲ್ಲಿ, ಏಟು ಬಿದ್ದು ಕಿವಿ ಕೇಳದಿದ್ದರೆ ಏನು ಮಾಡಬೇಕು ಎಂದು ಹುಡುಕಿದಳು. ಮಧ್ಯಾಹ್ನ ಊಟಕ್ಕೆ ಹೋದಾಗ ಭಾವ ತಟ್ಟೆಯ ಮುಂದೆ ಕೂತು, ತನ್ನ ಫೋನ್ ನೋಡಿಕೊಂಡು, ಆ ಸಾಲನ್ನು ಒಂದಕ್ಷರ ಬಿಡದೆ ಓದಿದನಂತೆ. ಆಮೇಲೆ ಎದ್ದು, ಕೈ ತೊಳೆದು, ಒರೆಸಿಕೊಂಡು ಬಂದು ಬಲಗಿವಿಗೆ ಹೊಡೆದ. ಈಗ ಎರಡೂ ಸಮ ಆಯಿತು ಅಂದನಂತೆ.

“ಪದ್ಮಮ್ಮ ಯೋಳ್ಬುಟ್ಳು ಕಣ್ಲಾ” ಎಂದು ಅಕ್ಕ ನನಗೆ ಹೇಳಿದಳು. ನಗುತ್ತಲೇ ಹೇಳಿದಳು. ಅಲ್ಲಿ ಹುಡುಕಿದ್ದೆಲ್ಲ ಆ ಖಾತೆಯಿಂದ ಅವನ ಫೋನಿಗೆ ಹೋಗುತ್ತಿತ್ತು. ಅವನ ಖಾತೆ ಕಿತ್ತುಹಾಕು ಎಂದೆ. ಬೇಡ, ಕಿತ್ತರೆ ಗೊತ್ತಾಗುತ್ತದೆ, ಪದ್ಮಮ್ಮನಿಗೆ ದಿನವೂ ಒಂದಿಷ್ಟು ಪಡಿತರ, ಪಿಂಚಣಿ ಬಡಿಸುತ್ತ ಇರೋಣ, ಅವನು ಎಲ್ಲ ಕೇಳಿಸುತ್ತಿದೆ ಅಂದುಕೊಂಡಿರಲಿ ಎಂದಳು.

ಆಮೇಲೆ ಅವಳು ಇನ್ನೊಂದು ಬ್ರೌಸರ್ ಹುಡುಕಲು ಶುರು ಮಾಡಿದಳು. ಆಳ ಬಾವಿಗೆ ಇಳಿಯುವವರು ಹಗ್ಗ ನೋಡಿದ ಹಾಗೆ ನೋಡಿದಳು. ಹೆಸರು ಕೇಳಬಾರದು, ಖಾತೆ ಕೇಳಬಾರದು, ನಮ್ಮ ಹಳೇ ಕಂಪ್ಯೂಟರಿನಲ್ಲಿ ಓಡಬೇಕು, ಸರ್ಕಾರಿ ಸೈಟು ತೆಗೆಯಬೇಕು, ಮುಚ್ಚಿದ ಮೇಲೆ ಒಂದಕ್ಷರ ಉಳಿಯಬಾರದು. ಎಲ್ಲರೂ ಹಾಗೇ ಅಂತ ಹೇಳಿಕೊಳ್ಳುತ್ತಾರೆ, ನಂಬುವುದು ಹೇಗೆ? ಅವಳೊಂದು ಪರೀಕ್ಷೆ ಮಾಡಿದಳು. ಒಂದನ್ನು ಹಾಕಿಕೊಂಡು ಬಂಗುಡೆ ಮೀನಿನ ಸಾರು ಎಂದು ಹುಡುಕಿದಳು. ಸಂಜೆ ಭಾವ, ಏನು, ಮೀನು ತಿನ್ನೋ ಆಸೆಯಾ ಎಂದು ಜಡೆ ಹಿಡಿದು ಕೇಳಿದ. ಮರುದಿನ ಅದನ್ನು ಅಳಿಸಿದಳು. ಇನ್ನೊಂದರಲ್ಲಿ ಮುತ್ತಿನ ಓಲೆ ಎಂದು ಹುಡುಕಿದಳು. ಎರಡು ದಿನ ಸದ್ದಿಲ್ಲ. ಮೂರನೇ ದಿನ ಭಾವನ ಫೋನಿನಲ್ಲಿ ಓಲೆಯ ಜಾಹೀರಾತು ಬಂತು. ಯಾರು ಕೊಡಿಸ್ತಾರೆ ಎಂದು ಅವಳ ಕಿವಿಯಲ್ಲಿದ್ದ ಓಲೆಯನ್ನೇ ಕಿತ್ತ, ಹಾಲೆ ಸೀಳಿತು. ಅದನ್ನೂ ಅಳಿಸಿದಳು. ಒಂದೊಂದು ಪರೀಕ್ಷೆಗೆ ಒಂದೊಂದು ಏಟು.

ಕೊನೆಗೆ ಹಸಿರು ಎಲೆಯದನ್ನು ಹಾಕಿದಳು. ಈ ಸಲ ಮೀನು ಓಲೆ ಯಾವುದೂ ಇಲ್ಲ. ಮೈಸೂರಿನಿಂದ ಎಲ್ಲಕ್ಕಿಂತ ದೂರ ಇರುವ ಊರು ಯಾವುದು ಎಂದು ಕೇಳಿದಳು. ಒಂದು ವಾರ ಕಾದಳು. ಭಾವ ಏನೂ ಹೇಳಲಿಲ್ಲ. ಎಂಟನೇ ದಿನ ಅಂಗಡಿಗೆ ಬಂದವಳು, ಕಿವಿಗೆ ಇನ್ನೂ ಹತ್ತಿ ಇಟ್ಟುಕೊಂಡಿದ್ದಳು, ಆ ಎಲೆಯನ್ನು ಬೆರಳಿನಿಂದ ಮುಟ್ಟಿ, ಇವಳು ಮೂಗಿ, ನಮ್ಮವಳು ಎಂದಳು. ನನಗೆ ಒಂದೇ ಮಾತು ಹೇಳಿದಳು. ತೆರೆದಿದ್ದಾಗ ಮಾತ್ರ ಎಲ್ಲ ಕಾಣುತ್ತದೆ. ಯಾರೇ ಬಂದರೂ ಮುಚ್ಚಿಬಿಡಬೇಕು.

ಇನ್ನು ಆ ದಿನದ ವಿಷಯ.

ಬೆಳಿಗ್ಗೆ ಅಂಗಡಿಯಲ್ಲಿ ಜನ ಇದ್ದರು. ನಾನು ತುಂಬಿದ್ದ ಒಂದು ಮುದುಕಿಯ ಪಿಂಚಣಿ ಅರ್ಜಿ ತಿರಸ್ಕಾರವಾಗಿ ಬಂದಿತ್ತು. ಹುಟ್ಟಿದ ವರ್ಷ ತಪ್ಪು ಹಾಕಿದ್ದೆ. ಆ ಮುದುಕಿ ಅಳುತ್ತಿದ್ದಳು. ಅಕ್ಕ ನನ್ನ ಕೈಯಿಂದ ಮೌಸ್ ಕಿತ್ತುಕೊಂಡು, ಏಳನೇ ಕ್ಲಾಸಿನ ತಲೆ, ಎಷ್ಟು ತುಂಬಿದರೂ ಅಷ್ಟೇ ಹಿಡಿಯುವುದು ಎಂದಳು. ಜನ ನಕ್ಕರು. ಅವರಲ್ಲಿ ಇಲವಾಲದ ಒಬ್ಬರು ಜೆರಾಕ್ಸ್ ಮಾಡಿಸಲು ನಿಂತಿದ್ದರು, ಅವರ ಮಗಳನ್ನು ನನಗೆ ಕೇಳುವ ಮಾತು ನಡೆಯುತ್ತಿತ್ತು. ಅವರೂ ನಕ್ಕರು.

ಜನ ಕರಗಿದ ಮೇಲೆ ಅಕ್ಕ ಮೂಗಿಯನ್ನು ತೆರೆದಳು. ಆಗ ಗೊತ್ತಾಯಿತು ನನಗೆ. ಕಂಪ್ಯೂಟರ್ ಆಪರೇಟರ್ ಕೆಲಸದ ಅರ್ಜಿ, ಅವತ್ತೇ ಕೊನೆಯ ದಿನ, ಬೆಳಿಗ್ಗೆಯಿಂದ ಸೈಟು ಸಿಗದೆ ಆಗ ತಾನೇ ಸಿಕ್ಕಿತ್ತು. ಟೈಪಿಂಗ್ ಪರೀಕ್ಷೆ ಇರುತ್ತದೆ, ಅದರಲ್ಲಿ ತನ್ನನ್ನು ಮೀರಿಸುವವರಿಲ್ಲ, ಉಳಿಯಲು ಹಾಸ್ಟೆಲ್ಲೂ ಕೊಡುತ್ತಾರೆ ಎಂದು ಹೇಳಿದಳು. ಊರಿನ ಆಯ್ಕೆಯಲ್ಲಿ ಮೊದಲು ಬೀದರ್ ಹಾಕಿದ್ದಳು. ನನಗೆ ಅಲ್ಲಿಯವರೆಗೆ ಒಂದು ಮಾತು ಹೇಳಿರಲಿಲ್ಲ. ಅಂಗಡಿ ಏನಾಗುತ್ತದೆ ಎಂದೆ. ನೀನು ನೋಡಿಕೋ ಎಂದಳು. ಹತ್ತು ನಿಮಿಷದ ಹಿಂದೆ ಏಳನೇ ಕ್ಲಾಸಿನ ತಲೆ ಎಂದವಳು.

ಅರ್ಜಿ ಅರ್ಧ ಆದಾಗ ಜಾತಿ ಸರ್ಟಿಫಿಕೇಟಿನ ನಂಬರ್ ಕೇಳಿತು. ಅದು ಅವ್ವನ ಮನೆಯ ಟ್ರಂಕಿನಲ್ಲಿತ್ತು. ಮುಚ್ಚಿದರೆ ಸೈಟು ಮತ್ತೆ ಸಿಗುತ್ತದೋ ಇಲ್ಲವೋ. ತೆರೆದೇ ಇಟ್ಟು, ಪರದೆಯ ಕೆಳಪಟ್ಟಿಗೆ ಇಳಿಸಿ, ಎದ್ದಳು. “ಅತ್ ನಿಮ್ಸ ಬತ್ತೀನಿ. ಯಾರ್ ಬಂದ್ರೂ ಮುಚ್ಬುಡು. ಅರ್ಜಿ ಹೋದ್ರೆ ಹೋಗ್ಲಿ” ಎಂದು ಚಪ್ಪಲಿ ಮೆಟ್ಟಿ ಓಡಿದಳು.

ಅವಳು ಬೀದಿ ತಿರುಗುತ್ತಿದ್ದ ಹಾಗೆ ಭಾವ ಬಂದ. ಗಾಡಿ ನಿಲ್ಲಿಸಿ, ನಮಸ್ಕಾರ ಮಾಡಿ, ಸ್ಟೂಲಿನ ಮೇಲೆ ಕೂತ. ಅಕ್ಕ ಮನೆಗೆ ಹೋಗಿದ್ದಾಳೆ, ಬರುತ್ತಾಳೆ ಎಂದೆ. ನಾನು ಕಂಪ್ಯೂಟರಿನ ಮುಂದೆ ಕೂತಿದ್ದೆ. ಕೈ ಮೌಸಿನ ಮೇಲಿತ್ತು. ಎಲೆ ಕೆಳಗಿತ್ತು. ಒಂದು ಒತ್ತು ಒತ್ತಿ ಮುಚ್ಚಿದ್ದರೆ ಆಗುತ್ತಿತ್ತು.

“ಏನ್ ಬಾಮೈದ, ನಿಂಗ್ ಬರೀ ಜೆರಾಕ್ಸೇ ಗತಿಯಾ? ಕಂಪ್ಯೂಟ್ರು ಮುಟ್ಟಕ್ ಬುಡ್ತಾಳಾ ನಿಮ್ಮಕ್ಕ?”

“ಎಲ್ಲಾ ನಾನೇ ಮಾಡದು ಭಾವ.”

“ಅಂಗಾರೆ ಈಗೇನ್ ಮಾಡ್ತಿದ್ಯಪ್ಪಾ, ತೋರ್ಸು.”

ಆರು ವರ್ಷ ನಾನು ಮನೆಯವರಿಗೆಲ್ಲ ಹೇಳಿಕೊಂಡು ಬಂದದ್ದು, ಭಾವ ನನ್ನನ್ನು ತಳ್ಳಿ ತಾನೇ ತೆರೆದ ಎಂದು. ಅವ್ವನಿಗೆ ಹೇಳಿದೆ, ನೆಂಟರಿಗೆ ಹೇಳಿದೆ, ಹೇಳಿ ಹೇಳಿ ನನಗೇ ಹಾಗೆ ನಡೆದಂತೆ ಕಾಣತೊಡಗಿತ್ತು. ಪೊಲೀಸಿನವರಿಗೆ, ಅಕ್ಕನಿಗೆ ಹೇಳಿದ ಸುಳ್ಳು ಬೇರೆ, ಅದು ಮುಂದೆ ಬರುತ್ತದೆ. ಹಾಗೆ ನಡೆಯಲಿಲ್ಲ. ಭಾವನಿಗೆ ಆ ಎಲೆ ಏನೆಂದೂ ಗೊತ್ತಿರಲಿಲ್ಲ. ಅವನು ನನ್ನ ಕೈ ಮುಟ್ಟಲಿಲ್ಲ, ಹೆದರಿಸಲಿಲ್ಲ. ನಾನೇ ಎಲೆಯ ಮೇಲೆ ಒತ್ತಿದೆ. ಬೆಳಿಗ್ಗೆಯ ನಗು ಕಿವಿಯಲ್ಲಿತ್ತು, ನನ್ನನ್ನು ಬಿಟ್ಟು ಹೋಗುತ್ತಾಳೆ ಎಂಬುದೂ ಇತ್ತು. ಇವಳಿಗೆ ಒಂದು ಸಲ ಗೊತ್ತಾಗಲಿ ಎಂದುಕೊಂಡೆ. ಏನು ಗೊತ್ತಾಗಲಿ ಎಂದು ಯೋಚಿಸಲಿಲ್ಲ.

ಅರ್ಜಿ ಪರದೆಯ ತುಂಬ ಬಂತು. ತಂದೆ ಅಥವಾ ಗಂಡನ ಹೆಸರು ಎಂಬಲ್ಲಿ ಅಪ್ಪನ ಹೆಸರಿತ್ತು. ಮದುವೆಯ ಕಾಲಂನಲ್ಲಿ, ಬೇರೆ ವಾಸ ಎಂದಿತ್ತು. ಭಾವ ಬಗ್ಗಿ ನಿಧಾನವಾಗಿ ಓದಿದ. ಬೀದರಾ ಎಂದ. ಹೊರಗೆ ಹೋಗಿ ಶಟರಿನ ಕೆಳಗೆ ನಿಂತ.

ಅಕ್ಕ ಪ್ಲಾಸ್ಟಿಕ್ ಕವರಿನಲ್ಲಿ ಸರ್ಟಿಫಿಕೇಟ್ ಹಿಡಿದುಕೊಂಡು ಓಡುತ್ತ ಬಂದಳು. ಅವನನ್ನು ನೋಡಿದಳು, ಅವನನ್ನು ದಾಟಿ ಪರದೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಒಳಗೆ ನುಗ್ಗಲು ಹೋದವಳ ಜಡೆ ಹಿಡಿದು ಭಾವ ಎಳೆದ. ಅವಳು ಹೊಸ್ತಿಲ ಮೇಲೆ ಬೋರಲಾಗಿ ಬಿದ್ದಳು. ಬಿದ್ದವಳು ಬಲಗೈಯಲ್ಲಿ ಹೊಸ್ತಿಲ ಕಲ್ಲಿನ ಅಂಚು ಹಿಡಿದುಕೊಂಡಳು. ಅವನು ಎಳೆದ, ಒದ್ದ, ಅವಳು ಬಿಡಲಿಲ್ಲ. ಆಗ ಅವನು ಶಟರನ್ನು ಎರಡೂ ಕೈಯಿಂದ ಎಳೆದು ಬಿಟ್ಟ.

ಅಂಗಡಿ ಕತ್ತಲಾಯಿತು. ಒಳಗೆ ಕುರ್ಚಿ ಬಿಟ್ಟೆದ್ದು ಗೋಡೆಗೆ ಸರಿದಿದ್ದ ನಾನು, ಪರದೆಯ ಬೆಳಕು, ಶಟರಿನ ಕೆಳಗೆ ಅಕ್ಕನ ನಾಲ್ಕು ಬೆರಳು. ಉಳಿದ ಅಕ್ಕ ಹೊರಗಿದ್ದಳು. ಅವಳು ಕೂಗಿದ ಸದ್ದು ಬೇರೆ ಎಲ್ಲಿಂದಲೋ ಬಂದಂತೆ ಕೇಳಿತು. ಶಟರು ಒಂದು ಗೇಣು ಮೇಲೆ ಎದ್ದು ಮತ್ತೆ ಬಿತ್ತು. ಈ ಸಲ ಅವನು ಅದರ ಅಡಿಯ ಪಟ್ಟಿಯ ಮೇಲೆ ಕಾಲಿಟ್ಟು ತುಳಿದ. ತುಳಿಯುವಾಗೆಲ್ಲ ಬೀದರ್, ಬೀದರ್ ಎನ್ನುತ್ತಿದ್ದ. ಮೂಳೆ ಮುರಿಯುವುದು ಒಣ ಕಡ್ಡಿ ಮುರಿದ ಹಾಗೆ ಕೇಳುತ್ತದೆ ಎನ್ನುತ್ತಾರೆ. ಹಸಿ ಕಬ್ಬು ಮುರಿದ ಹಾಗೆ ಕೇಳುತ್ತದೆ.

ಒಳಗಡೆಯೂ ಶಟರಿಗೆ ಒಂದು ಹಿಡಿ ಇದೆ. ಎರಡು ಹೆಜ್ಜೆ ಹೋಗಿ ಎತ್ತಬಹುದಿತ್ತು. ನನ್ನ ಕಾಲು ಎರಡು ಹೆಜ್ಜೆ ಹೋದದ್ದು ನಿಜ. ಆದರೆ ಹೋದದ್ದು ಕಂಪ್ಯೂಟರಿನ ಕಡೆ. ಜನ ಬಂದು ಶಟರ್ ಎತ್ತುತ್ತಾರೆ, ಪರದೆ ನೋಡುತ್ತಾರೆ, ಇದನ್ನು ತೆರೆದವರು ಯಾರು ಎಂದು ಕೇಳುತ್ತಾರೆ. ಅದೇ ನನ್ನ ತಲೆಯಲ್ಲಿದ್ದದ್ದು. ಮೂಲೆಯ ಕೆಂಪು ಗುರುತನ್ನು ಒತ್ತಿದೆ. ಅವಳು ಅರ್ಧ ತುಂಬಿದ್ದ ಅರ್ಜಿ ಹೋಯಿತು. ಮೂಗಿ ಎಲ್ಲವನ್ನೂ ಮರೆತಳು.

ಬೀದಿಯವರು ಬಂದು ಶಟರ್ ಎತ್ತಿದಾಗ ನಾನು ಗೋಡೆಗೆ ಒರಗಿ ನಿಂತಿದ್ದೆ. ಭಾವ ಗಾಡಿ ಹತ್ತಿ ಹೋಗಿದ್ದ.

ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಉಳಿದ ಎರಡು ಮಡಿಸಲಾಗದೆ ನೆಟ್ಟಗೆ ನಿಂತುಬಿಟ್ಟವು. ಪೊಲೀಸಿನವರು ಬಂದು ನನ್ನನ್ನು ಕೇಳಿದರು, ಒಳಗಿದ್ದವನು ನೀನೊಬ್ಬನೇ, ಏನಾಯಿತು ಹೇಳು ಎಂದು. ಭಾವನೇ ಎಳೆದ ಎಂದರೆ ಯಾಕೆ ಎಳೆದ ಎನ್ನುತ್ತಾರೆ. ಯಾಕೆ ಎಂದರೆ ಅರ್ಜಿ. ಅರ್ಜಿ ಅವನಿಗೆ ಹೇಗೆ ಗೊತ್ತಾಯಿತು ಎಂದರೆ ನಾನು. ಲೆಕ್ಕ ಹಾಕಿ, “ಸ್ಪ್ರಿಂಗ್ ಓಗಿತ್ತು ಸಾರ್, ಶಟ್ರು ತಾನೇ ಜಾರ್ತು” ಎಂದೆ. ಅಕ್ಕ ನಡೆದದ್ದನ್ನೇ ಹೇಳಿದಳು. ಒಡಹುಟ್ಟಿದ ತಮ್ಮನೇ ಬೇರೆ ಹೇಳುತ್ತಿದ್ದಾನಲ್ಲ ಎಂಬ ಮಾತು ಬಂತು. ಬೀದಿಯವರೂ ತಮ್ಮನೇ ಹೇಳಿದ ಮೇಲೆ ನಮಗೇಕೆ ಎಂದು ಹಿಂದೆ ಸರಿದರು. ಭಾವನಿಗೆ ಏನೂ ಆಗಲಿಲ್ಲ.

ಅಕ್ಕ ಕಣ್ಣು ಬಿಟ್ಟ ದಿನ ಅರ್ಜಿ ಏನಾಯಿತು ಎಂದಳು. ಭಾವ ಬಂದ ಕೂಡಲೇ ನೀನು ಹೇಳಿದಂತೆ ಮುಚ್ಚಿದೆ ಎಂದೆ. ಅವಳು ನನ್ನನ್ನೇ ನೋಡಿದಳು. ಶಟರ್ ತುಳಿಯುತ್ತ ಅವನು ಬೀದರ್ ಎಂದು ಕೂಗಿದ್ದನ್ನು ಇಡೀ ಬೀದಿ ಕೇಳಿತ್ತು. ಕೈ ಅದರಡಿಯಲ್ಲಿ ಇದ್ದವಳಿಗೆ ಕೇಳದೆ ಇರುತ್ತದೆಯೇ? ನನ್ನ ಸುಳ್ಳು ಬಾಯಿಗೆ ಬರುವ ಮೊದಲೇ ಸತ್ತಿತ್ತು. ಅವಳು ಗೋಡೆಯ ಕಡೆ ತಿರುಗಿದಳು.

ತಿಂಗಳ ಮೇಲೆ ಭಾವನನ್ನು ಕರೆದುಕೊಂಡು ಅವನ ಕಡೆಯ ಹಿರಿಯರು ಅವ್ವನ ಮನೆಗೆ ನ್ಯಾಯಕ್ಕೆ ಬಂದರು. ಚಾಪೆ ಹಾಸಿ, ನೀರು ಕೊಟ್ಟೆವು. ಶಟರ್ ಜಾರಿದ್ದಕ್ಕೆ ಹುಡುಗನನ್ನು ದೂರಿದರೆ ಹೇಗೆ, ಹೆಣ್ಣನ್ನು ಕಳಿಸಿಕೊಡಿ ಎಂದರು. ಅಕ್ಕ ಅಡುಗೆಮನೆಯಿಂದ ಬಂದಳು. ಬಲಗೈಗೆ ಬ್ಯಾಂಡೇಜು, ಎಡಗೈಯಲ್ಲಿ ಹಿತ್ತಾಳೆಯ ಚೊಂಬು. ತುಂಬಿದ ಚೊಂಬನ್ನೇ ಬೀಸಿ ಭಾವನ ಮುಖಕ್ಕೆ ಎಸೆದಳು. ಹುಬ್ಬಿನ ಮೂಳೆ ಕಂಡಿತು, ಚಾಪೆಯೆಲ್ಲ ರಕ್ತವಾಯಿತು. ಎದ್ದು ನಿಂತ ಹಿರಿಯರಿಗೆ ಅವಳು ಸಮಾಧಾನದಿಂದ ಹೇಳಿದಳು, “ಚೊಂಬೂ ಜಾರ್ತು ಅಂತ ಬರ್ಕಳಿ. ಬೇಕಾರೆ ನನ್ ತಮ್ಮುನ್ ಕೇಳಿ, ಯೋಳ್ತಾನೆ.”

ಅವರು ನನ್ನ ಕಡೆ ತಿರುಗಿದರು. ಜಾರ್ತು ಎಂದೆ.

ಅದೊಂದೇ ಸಲ ಅವಳು ಆ ವಿಷಯವನ್ನು ನನ್ನ ಮುಂದೆ ಎತ್ತಿದ್ದು. ಭಾವ ಆಮೇಲೆ ಬರಲಿಲ್ಲ. ಟೈಪಿಂಗ್ ಪರೀಕ್ಷೆ, ಬೀದರ್, ಅವೂ ಮತ್ತೆ ಬರಲಿಲ್ಲ. ಅಂಥ ಅರ್ಜಿ ಕರೆದಾಗೆಲ್ಲ ಅವಳು ಬೇರೆ ಹುಡುಗಿಯರಿಗೆ ತುಂಬಿಕೊಡುತ್ತಿದ್ದಳು.

ಎರಡು ತಿಂಗಳಿಗೆ ಅಂಗಡಿಗೆ ವಾಪಸ್ಸು ಬಂದಳು. ಎಡಗೈಯಲ್ಲಿ ಟೈಪ್ ಮಾಡುವುದನ್ನು ಕಲಿತಳು. ವರ್ಷ ತುಂಬುವುದರೊಳಗೆ ನನ್ನ ಎರಡು ಕೈಗಿಂತ ಅವಳ ಒಂದು ಕೈ ಜೋರಾಯಿತು. ಮೌಸನ್ನೂ ಎಡಕ್ಕೆ ಹಾಕಿಕೊಂಡಳು. ಸುತ್ತಮುತ್ತಲ ಹೆಂಗಸರು ಹೇಗೋ ತಿಳಿದುಕೊಂಡು ಒಬ್ಬೊಬ್ಬರೇ ಬರತೊಡಗಿದರು. ಅಕ್ಕ ಪರದೆಯನ್ನು ಗೋಡೆಯ ಕಡೆ ತಿರುಗಿಸಿ, ಮೂಗಿಯನ್ನು ತೆರೆದುಕೊಟ್ಟು, ಇವಳು ಯಾರಿಗೂ ಹೇಳುವುದಿಲ್ಲ, ಕೇಳಬೇಕಾದ್ದು ಕೇಳಿ ಎನ್ನುತ್ತಿದ್ದಳು. ಒಬ್ಬನು ಕುಡಿದು ಬಂದು, ನನ್ನ ಹೆಂಡತಿ ಏನು ನೋಡಿದಳು ತೋರಿಸು ಎಂದು ಟೇಬಲ್ಲು ಗುದ್ದಿದ. ಅಕ್ಕ ಕಾಗದ ಕತ್ತರಿಸುವ ಬ್ಲೇಡಿನ ಹಿಡಿಯನ್ನು ಎತ್ತಿ, ಗುದ್ದಿದ ಕೈಯನ್ನು ಇಲ್ಲಿ ಇಡು, ತೋರಿಸುತ್ತೇನೆ ಎಂದಳು. ಅವನು ಅವಳ ಬಲಗೈ ನೋಡಿದ, ಇಳಿದು ಹೋದ.

ನನ್ನ ಜೊತೆ ಅವಳು ಮೊದಲಿನ ಹಾಗೆಯೇ ಇದ್ದಳು. ಬಯ್ಯುತ್ತಿದ್ದಳು, ಊಟಕ್ಕೆ ಕರೆಯುತ್ತಿದ್ದಳು. ಒಂದು ಮಾತ್ರ ಹೊಸದು. ಸಂಜೆ ಅಂಗಡಿ ಮುಚ್ಚುವಾಗ ಪದ್ಮಮ್ಮನನ್ನು ಅವಳೇ ಮುಚ್ಚುತ್ತಿದ್ದಳು, ಅತ್ತೆಯನ್ನು, ಮುದುಕನನ್ನು ಅವಳೇ ಮುಚ್ಚುತ್ತಿದ್ದಳು. ಮೂಗಿಯನ್ನು ತೆರೆದೇ ಬಿಟ್ಟು ಕುರ್ಚಿಯಿಂದ ಎದ್ದು, “ಅದೊಂದ್ ನೀನ್ ಮುಚ್ಚು” ಎನ್ನುತ್ತಿದ್ದಳು. ಮೊದಲು ಕೈ ನೋವಿರಬಹುದು ಎಂದುಕೊಂಡೆ. ಉಳಿದ ಮೂರನ್ನು ಮುಚ್ಚುವ ಎಡಗೈಗೆ ನಾಲ್ಕನೆಯದು ಏನು ಭಾರ? ನಾನು ಬಗ್ಗಿ ಮೂಲೆಯ ಕೆಂಪು ಗುರುತು ಒತ್ತುವವರೆಗೆ ಅವಳು ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಆಮೇಲೆ ಚೀಲ ಎತ್ತಿಕೊಳ್ಳುತ್ತಿದ್ದಳು. ಆರು ವರ್ಷ ಒಂದು ಸಂಜೆಯೂ ತಪ್ಪಲಿಲ್ಲ.

ಹೇಳಿಬಿಡಬೇಕು ಎಂದು ಎಷ್ಟೋ ಸಲ ಬಾಯಿ ತೆರೆದೆ. ಕಾಮಾಲೆ ಬಂದು ಕಣ್ಣು ಹಳದಿಯಾಗಿ, ಅವಳು ಕೊನೆಯ ಸಲ ಅಂಗಡಿಗೆ ಬಂದ ಸಂಜೆ, ಅಕ್ಕ, ಅವತ್ತು ಭಾವ ಬಂದಾಗ ಎಂದು ಶುರು ಮಾಡಿದೆ. ಅವಳು ಗೋಡೆ ಹಿಡಿದುಕೊಂಡು ನಿಂತಿದ್ದಳು. “ಗೊತ್ತು ಕಣ್ಲಾ” ಎಂದಳು. ನಾನು ಮುಂದೆ ಹೇಳಲು ಹೋದೆ. ಅವಳು ಗದ್ದದಲ್ಲಿ ಪರದೆ ತೋರಿಸಿದಳು. ನಾನು ಮುಚ್ಚಿದೆ. ಅವಳು ನೋಡಿದಳು. ಮಾರನೇ ದಿನ ಆಸ್ಪತ್ರೆಗೆ ಸೇರಿಸಿದೆವು.

ಈಗ ಅಂಗಡಿ ನಾನೊಬ್ಬನೇ ನಡೆಸುತ್ತಿದ್ದೇನೆ. ಹೆಂಗಸರು ಬರುತ್ತಾರೆ, ಪರದೆ ತಿರುಗಿಸಿ ಹೊರಗೆ ಮೆಟ್ಟಿಲ ಮೇಲೆ ಹೋಗಿ ಕೂರುತ್ತೇನೆ. ಸಂಜೆ ಮೂರನ್ನು ಮುಚ್ಚಿ ಒಂದು ಗಳಿಗೆ ನಿಲ್ಲುತ್ತೇನೆ, ಆಮೇಲೆ ನಾಲ್ಕನೆಯದನ್ನು ಮುಚ್ಚುತ್ತೇನೆ. ಶಟರ್ ಎಳೆಯುವ ಮೊದಲು ಬಗ್ಗಿ ಹೊಸ್ತಿಲು ನೋಡುತ್ತೇನೆ. ಕಲ್ಲಿನ ಅಂಚಿನಲ್ಲಿ ಏನೂ ಇರುವುದಿಲ್ಲ. ಆದರೂ ಎರಡೂ ಕೈಯಲ್ಲಿ ಹಿಡಿದು, ನಿಧಾನಕ್ಕೆ, ಸದ್ದಾಗದ ಹಾಗೆ ಇಳಿಸುತ್ತೇನೆ.